ಇಪ್ಪತ್ನಾಲ್ಕು ಮಗ್ಗಗಳ ನಡುವೆ ಆಡಿದ ಮಾತು

ಇಚಲಕರಂಜಿಯಲ್ಲಿ ನನಗೂ ನನ್ನ ಹೆಂಡತಿಗೂ ನಾಲ್ಕು ಮಾತಾಡಲು ಇದ್ದ ಏಕಾಂತದ ಜಾಗ ಒಂದೇ. ಅದು ಇಪ್ಪತ್ನಾಲ್ಕು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಕಾರಖಾನೆ. ಹೀಗೆಂದರೆ ಜನ ನಗುತ್ತಾರೆ. ನಗಲಿ. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ಇಬ್ಬರು ತಮ್ಮಂದಿರು, ಒಬ್ಬ ತಂಗಿ, ನಾವಿಬ್ಬರು, ಆಮೇಲೆ ನಮ್ಮ ಎರಡು ಮಕ್ಕಳು ಬದುಕಿದ್ದನ್ನು ಕಂಡವರು ನಗುವುದಿಲ್ಲ. ಆ ಖೋಲಿಯಲ್ಲಿ ಸೀನಿದರೂ ಸೀನಿದ್ದು ಯಾರು ಎಂದು ಪಕ್ಕದ ಖೋಲಿಯವರು ಹೇಳುತ್ತಿದ್ದರು. ಕಾರಖಾನೆಯಲ್ಲಿ ಆ ತಾಪತ್ರಯ ಇರಲಿಲ್ಲ. ಗಂಟಲು ಹರಿದುಕೊಂಡರೂ ಪಕ್ಕದಲ್ಲಿ ನಿಂತವನಿಗೆ ಕೇಳಿಸದು. ಆದ್ದರಿಂದ ಅಲ್ಲಿ ಯಾರೂ ಕೂಗುವ ಗೋಜಿಗೆ ಹೋಗುತ್ತಿರಲಿಲ್ಲ. ದನಿ ಬಿಟ್ಟು ತುಟಿಯನ್ನಷ್ಟೇ ಆಡಿಸುತ್ತಿದ್ದೆವು, ನೋಡಿ ತಿಳಿದುಕೊಳ್ಳುತ್ತಿದ್ದೆವು.

ನನ್ನ ಅಪ್ಪ ಬನಹಟ್ಟಿಯ ಕಡೆಯವನು. ಅವನ ಮಗ್ಗ ಮನೆಯೊಳಗೇ ಕುಣಿ ತೋಡಿ ಹೂಡಿದ್ದು. ಅಪ್ಪ ಕುಣಿಯಲ್ಲಿ ಕಾಲಿಳಿಸಿ ಕೂತರೆ ಅವ್ವ ಪಕ್ಕದಲ್ಲಿ ರಾಟಿ ಹಿಡಿದು ನೂಲು ಸುತ್ತುತ್ತಿದ್ದಳು. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಜಗಳಾಡುತ್ತಿದ್ದರು ಅಂದರೂ ತಪ್ಪಿಲ್ಲ. ಕೈಮಗ್ಗದ ಸದ್ದು ಮಾತಿಗೆ ಎಡೆ ಬಿಡುವ ಸದ್ದು. ಒಂದು ಏಟು ಬಿತ್ತೆಂದರೆ ಇನ್ನೊಂದು ಏಟು ಬೀಳುವುದರೊಳಗೆ ಒಂದು ಬೈಗುಳ ಮುಗಿಸಬಹುದು. ಬೀದಿಯಲ್ಲಿ ಹೋಗುವವರೂ ಬಾಗಿಲಲ್ಲಿ ನಿಂತು ಆ ಜಗಳಕ್ಕೆ ತಮ್ಮದೊಂದು ಮಾತು ಸೇರಿಸಿ ಮುಂದೆ ಹೋಗುತ್ತಿದ್ದರು. ಆಮೇಲೆ ಕೈಮಗ್ಗದಿಂದ ಹೊಟ್ಟೆ ತುಂಬದಾಗಿ ಅಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಗೆ ಬಂದು ಕರೆಂಟಿನ ಮಗ್ಗದ ಮುಂದೆ ನಿಂತ. ಅವ್ವ ಖೋಲಿಯಲ್ಲಿ ಉಳಿದಳು. ಅವರಿಬ್ಬರೂ ಮತ್ತೆ ಹಾಗೆ ಜಗಳಾಡಿದ್ದನ್ನು ನಾನು ಕಾಣಲಿಲ್ಲ. ಸಣ್ಣವನಿದ್ದೆ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

ಮಗ್ಗದ ಇತಿಹಾಸ ಹೇಳುವವರು ಮೊದಲು ಕೈಮಗ್ಗ ಇತ್ತು, ಆಮೇಲೆ ಕರೆಂಟಿನ ಮಗ್ಗ ಬಂತು, ಈಗ ಕಂಪ್ಯೂಟರ್ ಮಗ್ಗ ಬಂದಿದೆ ಅನ್ನುತ್ತಾರೆ. ದಿನಕ್ಕೆ ಎಷ್ಟು ಮೀಟರ್ ಬಟ್ಟೆ ಬರುತ್ತದೆ ಅನ್ನುವುದನ್ನೂ ಹೇಳುತ್ತಾರೆ. ಯಾವ ಮಗ್ಗ ಬಂದಾಗ ಯಾರ ಮಾತು ಯಾರಿಗೆ ತಲುಪದೆ ಹೋಯಿತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ನಾನು ಈ ವಯಸ್ಸಿನಲ್ಲಿ ಪೆನ್ನು ಹಿಡಿದಿರುವುದು ಆ ಸಿಟ್ಟಿಗೇ.

ನನ್ನ ಹೆಂಡತಿ ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಹಳ್ಳಿಯವಳು. ಒಕ್ಕಲುತನದ ಮನೆ. ಮದುವೆಯಾಗಿ ಬರುವವರೆಗೆ ಅವಳು ಮಗ್ಗ ಕಂಡವಳಲ್ಲ. ಬಂದ ಮೂರನೆಯ ತಿಂಗಳಿಗೆ ನಾನು ಕೆಲಸ ಮಾಡುತ್ತಿದ್ದ ಕಾರಖಾನೆಯಲ್ಲೇ ಅವಳಿಗೂ ಕೆಲಸ ಸಿಕ್ಕಿತು. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ನಾವು ಕಾಂಡಿ ಅನ್ನುತ್ತೇವೆ. ಒಂದು ಕಾಂಡಿ ಮಗ್ಗದಲ್ಲಿ ನಾಲ್ಕೈದು ನಿಮಿಷಕ್ಕೇ ತೀರುತ್ತದೆ. ತೀರುತ್ತಲೇ ಇನ್ನೊಂದು ಬೇಕು. ಅವನ್ನು ಸುತ್ತಿಕೊಡುವುದು ಅವಳ ಕೆಲಸ. ಅವಳ ಕಾಂಡಿ ಮಶೀನು ಮೂಲೆಯಲ್ಲಿ, ಕಿಟಕಿಯ ಪಕ್ಕದಲ್ಲಿತ್ತು. ನಾನು ನೋಡಿಕೊಳ್ಳುತ್ತಿದ್ದ ನಾಲ್ಕು ಮಗ್ಗಗಳ ನಡುವೆ ಎಲ್ಲಿ ನಿಂತರೂ ಅವಳ ಮುಖ ಬೆಳಕಿನಲ್ಲಿ ನೆಟ್ಟಗೆ ಕಾಣುತ್ತಿತ್ತು.

ತುಟಿ ಓದುವುದನ್ನು ಅವಳು ತಿಂಗಳೊಳಗೆ ಕಲಿತಳು. ನನಗೆ ಒಂದು ವರ್ಷ ಹಿಡಿದಿತ್ತು; ಅದನ್ನು ಅವಳು ಕಡೆಯವರೆಗೂ ಆಡಿ ತೋರಿಸುತ್ತಿದ್ದಳು. ನಮ್ಮ ಪಾಳಿಯಲ್ಲಿದ್ದವರು ಹೆಚ್ಚಾಗಿ ಮರಾಠಿಯವರು. ಅವರ ತುಟಿ ನಮಗೆ ತಿಳಿಯುತ್ತಿತ್ತು, ನಮ್ಮ ಕನ್ನಡದ ತುಟಿ ಅವರಿಗೆ ತಿಳಿಯುತ್ತಿರಲಿಲ್ಲ. ಮಾಲಕರು ಮಾತ್ರ ಜೈನರು, ಮನೆಯಲ್ಲಿ ಕನ್ನಡ. ಆದರೆ ಅವರು ಗಾಜಿನ ಕೋಣೆಯಲ್ಲಿ ಕೂರುವವರು, ಈ ವಿದ್ಯೆ ಕೂತವರಿಗೆ ಹತ್ತುವುದಲ್ಲ. ಒಮ್ಮೆ ಅವರು ನನ್ನ ಪಕ್ಕದಲ್ಲೇ ನಿಂತಿದ್ದಾಗ ಇವಳು ಅತ್ತಲಿಂದ ಅವರ ಹೊಟ್ಟೆಗೆ ಎಷ್ಟನೆಯ ತಿಂಗಳು ಎಂದು ನನ್ನನ್ನು ಕೇಳಿದಳು. ತಮಗೆ ನಮಸ್ಕಾರ ಹೇಳಿದಳೆಂದು ತಿಳಿದು ಮಾಲಕರು ಗಂಭೀರವಾಗಿ ತಲೆಯಾಡಿಸಿದರು. ನಾನು ನಗು ತಡೆಯಲಾರದೆ ಮಗ್ಗದ ಹಿಂದೆ ಬಗ್ಗಿ ಕೂತುಬಿಟ್ಟೆ.

ಮನೆಯಲ್ಲಿ ಅವಳು ನನ್ನನ್ನು 'ರೀ' ಅನ್ನದೆ ಮಾತಾಡಿಸಿದವಳಲ್ಲ. ಅತ್ತೆಯ ಎದುರಿಗೆ ಅದೂ ಇಲ್ಲ, ಬಳೆ ಆಡಿಸಿದರೆ ನಾನು ತಿರುಗಿ ನೋಡಬೇಕು. ಕಾರಖಾನೆಯ ಗದ್ದಲದೊಳಗೆ ಕಾಲಿಟ್ಟರೆ ನಾನು 'ನೀ' ಆಗುತ್ತಿದ್ದೆ. "ಇಲ್ಲಿ ನೋಡ," ಅನ್ನುತ್ತಿದ್ದಳು ತುಟಿಯಲ್ಲಿ, "ನೀ ಇವತ್ತ ರೊಟ್ಟಿ ಯಾಕ ಬಿಟ್ಟಿ?" ಅವ್ವನ ಬಾಯಿ, ತಮ್ಮಂದಿರ ಸೋಮಾರಿತನ, ತವರಿನ ನೆನಪು, ನನ್ನ ಮೇಲಿನ ಸಿಟ್ಟು, ಎಲ್ಲ ಅಲ್ಲೇ ಹೊರಬರುತ್ತಿದ್ದವು. ಮೊದಲ ಬಸಿರಿನ ಸುದ್ದಿ ನನಗೆ ಗೊತ್ತಾದದ್ದು ಎರಡನೆಯ ಮಗ್ಗಕ್ಕೂ ಮೂರನೆಯ ಮಗ್ಗಕ್ಕೂ ನಡುವೆ ನಿಂತಾಗ. ಆ ಹೊತ್ತಿನಲ್ಲಿ ಕಾಂಡಿ ತೀರಿ ಮಗ್ಗ ಬರಿದೇ ಓಡಿದ್ದು ನನಗೆ ಕಾಣಲಿಲ್ಲ. ಬಟ್ಟೆ ಕೆಟ್ಟಿತು, ಬೈಸಿಕೊಂಡೆ. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಆ ವರ್ಷಗಳಲ್ಲಿ ನನ್ನ ಕಿವಿ ಹೋಗುತ್ತಿತ್ತು. ಮಗ್ಗ ನಡೆಸುವವರಿಗೆಲ್ಲ ಹೋಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೆ ಅದು ನನ್ನ ಅರಿವಿಗೇ ಬರಲಿಲ್ಲ, ಯಾಕೆಂದರೆ ನನಗೆ ಕಿವಿಯ ಕೆಲಸವೇ ಬೀಳುತ್ತಿರಲಿಲ್ಲ. ಕೇಳಬೇಕಾದ ಮಾತನ್ನೆಲ್ಲ ನಾನು ನೋಡುತ್ತಿದ್ದೆ.

ಮಾಲಕರು ವಯಸ್ಸಾಗಿ ಮನೆ ಹಿಡಿದ ಮೇಲೆ ಮಗ ವ್ಯವಹಾರ ಕೈಗೆ ತೆಗೆದುಕೊಂಡ. ಹಳೆಯ ಮಗ್ಗಗಳ ಬಟ್ಟೆ ಕೊಳ್ಳುವವರಿಲ್ಲ, ಹೊಸವು ತರದಿದ್ದರೆ ಬಾಗಿಲು ಮುಚ್ಚಬೇಕು ಎಂದು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ. ಸುಳ್ಳು ಹೇಳಲಿಲ್ಲ. ಒಂದು ಬೆಳಿಗ್ಗೆ ನಾಲ್ಕು ಜನ ಬಂದು ದೊಡ್ಡ ಸುತ್ತಿಗೆಯಿಂದ ಮಗ್ಗಗಳನ್ನು ಒಡೆದು ಬೀಡುಕಬ್ಬಿಣದ ತುಂಡು ಮಾಡಿ ಟ್ರಕ್ಕಿಗೆ ಹೇರಿದರು. ಹೊಸದಾಗಿ ಬಂದವು ಲಾಳಿ ಇಲ್ಲದ ಮಗ್ಗಗಳು. ಲಾಳಿ ಇಲ್ಲದ ಮೇಲೆ ಕಾಂಡಿ ಬೇಕಿಲ್ಲ. ಕಾಂಡಿ ಬೇಕಿಲ್ಲದ ಮೇಲೆ ಸುತ್ತುವ ಹೆಂಗಸರೂ ಬೇಕಿಲ್ಲ. ಮಾಲಕರ ಮನೆಯವರು ಇವಳನ್ನೂ ಸೇರಿಸಿ ಆರು ಹೆಂಗಸರಿಗೆ ಒಂದೊಂದು ಸೀರೆ, ಪೇಢೆಯ ಡಬ್ಬ ಕೊಟ್ಟು ಕಳಿಸಿದರು. ನನ್ನನ್ನು ಉಳಿಸಿಕೊಂಡರು, ನನ್ನ ಕೈ ಚುರುಕಿದೆ ಅಂದರು.

ಅಂದು ಅವಳು ಖಾಲಿ ಮೂಲೆಯಲ್ಲಿ ಸೀರೆಯ ಚೀಲ ಹಿಡಿದು ನಿಂತಿದ್ದಳು. ಯಾವ ಮಗ್ಗವೂ ಓಡುತ್ತಿರಲಿಲ್ಲ, ಬಾಯಿ ಬಿಟ್ಟೇ ಮಾತಾಡಬಹುದಿತ್ತು. ಅವಳು ಮಾತ್ರ ಎಂದಿನಂತೆ ತುಟಿಯಲ್ಲೇ ಹೇಳಿದಳು: "ಇನ್ನ ನಿನ್ನ ಜೋಡಿ ಎಲ್ಲಿ ಮಾತಾಡ್ಲಿ?"

"ಮನಿ ಇಲ್ಲೇನು?" ಅಂದೆ. ನಕ್ಕೆ ಕೂಡ.

ಹೊಸ ಮಗ್ಗಗಳಲ್ಲಿ ನನ್ನ ಪಾಲಿಗೆ ಎಂಟು, ನೋಡಿಕೊಳ್ಳಲು ನಾನೊಬ್ಬ. ಎರಡು ಸಾಲು ಆಚೆ ಬಿಹಾರದಿಂದ ಬಂದ ಒಬ್ಬನಿದ್ದ. ಅವನ ಹಿಂದಿಯ ತುಟಿ ನನಗೆ ತಿಳಿಯದು, ನನ್ನ ತುಟಿಯಂತೂ ಅವನಿಗೆ ದೇವರಿಗೇ ಪ್ರೀತಿ. ಇಬ್ಬರೂ ಕೈ ಎತ್ತಿ ನಮಸ್ಕಾರ ಹೇಳಿ ನಮ್ಮ ನಮ್ಮ ಸಾಲಿಗೆ ಹೋಗುತ್ತಿದ್ದೆವು. ಪ್ರತಿ ಮಗ್ಗದ ತಲೆಯ ಮೇಲೆ ಒಂದು ಸಣ್ಣ ಕಂಬ, ಅದರಲ್ಲಿ ಬಣ್ಣದ ದೀಪಗಳು. ಎಳೆ ಹರಿದರೆ ಮಗ್ಗ ತಾನೇ ನಿಂತು ಕೆಂಪು ದೀಪ ಹೊತ್ತಿಸಿಕೊಳ್ಳುತ್ತದೆ. ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಮಾಲಕರ ಮಗನ ಮೊಬೈಲಿಗೆ ಹೋಗಿ ಕೂರುತ್ತದೆ. ಮೂವತ್ತು ವರ್ಷ ಒಬ್ಬರ ಮುಖ ನೋಡಿ ಪಳಗಿದ ಕಣ್ಣು ದೀಪ ನೋಡುವುದನ್ನು ಕಲಿಯಿತು. ಕೆಲವೊಮ್ಮೆ ಕಿಟಕಿಯ ಮೂಲೆಯ ಕಡೆ ತಿರುಗಿ ನನ್ನ ತುಟಿ ತಾನಾಗಿ ಆಡುತ್ತಿತ್ತು. ಅಲ್ಲಿ ಈಗ ನೂಲಿನ ಪೆಟ್ಟಿಗೆಗಳನ್ನು ಪೇರಿಸಿ ಇಟ್ಟಿದ್ದರು.

ನಾನು ಕಿವುಡ ಅನ್ನುವುದು ನನಗೆ ಗೊತ್ತಾದದ್ದು ಮನೆಯಲ್ಲಿ. ಅಷ್ಟರಲ್ಲಿ ಅಪ್ಪ ಅವ್ವ ಹೋಗಿದ್ದರು, ತಮ್ಮಂದಿರು ಬೇರೆಯಾಗಿದ್ದರು, ತಂಗಿಯೂ ಮಗಳೂ ಗಂಡನ ಮನೆ ಸೇರಿದ್ದರು. ಮಗ ಸೊಸೆ ಮೊಮ್ಮಕ್ಕಳೊಡನೆ ನಾವು ಎರಡು ಕೋಣೆಯ ಮನೆಯಲ್ಲಿದ್ದೆವು. ಟ್ಯೂಬ್‌ಲೈಟಿನ ಕೆಳಗೆ, ದಣಿದು ಬಂದ ಕಣ್ಣಿಗೆ, ತಾಟಿನ ಮೇಲೆ ಬಗ್ಗಿದ ಮುಖಕ್ಕೆ ಅವಳ ತುಟಿ ಕಾಣುತ್ತಿರಲಿಲ್ಲ. ಕೂಗಬೇಕಾಯಿತು. ಉಪ್ಪು ಸಾಕೇ ಅನ್ನುವುದನ್ನು ಕೂಗಬಹುದು. ಮನಸ್ಸಿಗೆ ಬೇಸರವಾಗಿದೆ ಅನ್ನುವುದನ್ನು ಕೂಗಲಿಕ್ಕಾಗುತ್ತದೆಯೇ? ಅವಳು ಕೂಗುವಂಥ ಮಾತನ್ನಷ್ಟೇ ಉಳಿಸಿಕೊಂಡಳು.

ಒಂದು ರಜೆಯ ದಿನ ಮಧ್ಯಾಹ್ನ ಅವಳು ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು ಹಳೆಯ ರೀತಿಯಲ್ಲೇ ತುಟಿ ಆಡಿಸಿದಳು. ನನ್ನ ಜೀವಕ್ಕೆ ತಂಪಾಯಿತು. ಬಿದ್ರಿಯ ಸಕ್ಕರೆ ಕಾರಖಾನೆಯಲ್ಲಿದ್ದ ಅವಳ ಅಣ್ಣನ ಮಗನಿಗೆ ಹೆಣ್ಣು ನೋಡುವ ವಿಷಯ, ಬೇರೇನೂ ಅಲ್ಲ. ಸೊಸೆ ಒಳಗಿನಿಂದ ಬಂದವಳು ನಾವು ಸದ್ದಿಲ್ಲದೆ ಮಾತಾಡಿ ಸದ್ದಿಲ್ಲದೆ ನಗುವುದನ್ನು ನೋಡಿದಳು. ಸಂಜೆ ಮಗನ ಮುಂದೆ ಅತ್ತಳಂತೆ: ಮಾತು ಬಂದ ಜನ ತನ್ನ ಎದುರಿಗೆ ದನಿ ಮುಚ್ಚಿಕೊಂಡು ಮಾತಾಡುತ್ತಾರೆಂದರೆ ಅದು ತನ್ನ ಮೇಲಿನ ಮಾತೇ ಇರಬೇಕು ಎಂದು. ಸೊಸೆ ಕೆಟ್ಟವಳಲ್ಲ. ಅವಳು ಮಗ್ಗದ ಮನೆಯಲ್ಲಿ ಹುಟ್ಟಿದವಳಲ್ಲ, ಅಷ್ಟೆ. ಅವಳ ಜಾಗದಲ್ಲಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು. ನಿನ್ನ ಮಾತು ಆಡಿದ್ದಲ್ಲ ಎಂದು ನನ್ನ ಹೆಂಡತಿ ಸೊಸೆಯ ತಲೆ ಮುಟ್ಟಿ ಆಣೆ ಮಾಡಿದಳು. ಅಂದಿನಿಂದ ಮನೆಯಲ್ಲಿ ಅವಳು ತುಟಿಯ ಮಾತು ನಿಲ್ಲಿಸಿದಳು. ನಾನೂ ಒತ್ತಾಯ ಮಾಡಲಿಲ್ಲ. ಮನೆ ನೆಮ್ಮದಿಯಿಂದ ಇದ್ದರೆ ಸಾಕು ಎಂದುಕೊಂಡೆ.

ಇನ್ನು ಆ ಡಬ್ಬಿಯ ದಿನದ ಮಾತು. ಅದನ್ನು ಬರೆಯದೆ ಬೇರೆಲ್ಲ ಬರೆದು ಉಪಯೋಗವಿಲ್ಲ.

ಅವಳು ದಿನಾಲೂ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿ ಕೈಗೆ ಕೊಡುತ್ತಿದ್ದಳು. ಅಂದು ಇನ್ನೂ ಆಗಿಲ್ಲ, ಆಮೇಲೆ ತರುತ್ತೇನೆ ಎಂದು ಸನ್ನೆ ಮಾಡಿದಳು. ಅಷ್ಟು ವರ್ಷಗಳ ಸಂಸಾರದಲ್ಲಿ ಡಬ್ಬಿ ತಯಾರಾಗದೇ ಇದ್ದದ್ದು ಆ ಒಂದು ದಿನ. ನನಗೆ ಆಗಲೇ ತಿಳಿಯಬೇಕಿತ್ತು. ಮಧ್ಯಾಹ್ನ ಅವಳು ಕಾರಖಾನೆಯ ಬಾಗಿಲಲ್ಲಿ ಬಂದು ನಿಂತಳು. ಡಬ್ಬಿ ಕೊಟ್ಟು ಹೋಗುವವರಂತೆ ನಿಲ್ಲಲಿಲ್ಲ. ಹೊರಗಿನ ಬೆಳಕು ಮುಖದ ಮೇಲೆ ಬೀಳುವಂತೆ ಓರೆಯಾಗಿ, ನಾವು ಮೊದಲು ನಿಲ್ಲುತ್ತಿದ್ದ ಹಾಗೆ ನಿಂತಳು. ಎಂಟು ಮಗ್ಗಗಳ ಸದ್ದಿನಾಚೆ ಅವಳ ತುಟಿ ಆಡಿತು. "ಇಲ್ಲಿ ನೋಡ," ಅಂದಳು.

ಐದನೆಯ ಮಗ್ಗದ ಮೇಲೆ ಕೆಂಪು ದೀಪ ಹತ್ತಿತು. ನಾನು ಅಂಗೈ ಎತ್ತಿ ತಡೆ ಎಂದು ಸನ್ನೆ ಮಾಡಿ ಓಡಿದೆ. ಹರಿದ ಎಳೆ ಹುಡುಕಿ ಕಟ್ಟುವುದರೊಳಗೆ ಎರಡನೆಯದರ ಮೇಲೆ ಹತ್ತಿತು. ಅದನ್ನು ಮುಗಿಸುವುದರೊಳಗೆ ಏಳನೆಯದು. ಅಂದು ನೂಲು ಸರಿ ಇರಲಿಲ್ಲ. ನಡುವೆ ಒಮ್ಮೆ ತಿರುಗಿದೆ, ಅವಳು ನಿಂತೇ ಇದ್ದಳು. ಮತ್ತೊಮ್ಮೆ ತಿರುಗಿದಾಗ ಬಾಗಿಲು ಖಾಲಿ, ಡಬ್ಬಿ ಕಟ್ಟೆಯ ಮೇಲಿತ್ತು. ಹಸಿವೆಯಾಗಿತ್ತು, ಉಂಡೆ. ಸಂಜೆ ಮನೆಗೆ ಹೋದಾಗ ಕೇಳಬೇಕು ಎಂದು ನೆನಪಾಗದೇ ಇರಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆದರೆ ಸೊಸೆ ಅಲ್ಲೇ ಇದ್ದಳು, ನನ್ನ ಕಾಲು ಸೋತಿದ್ದವು. ದೊಡ್ಡ ವಿಷಯವಿದ್ದರೆ ಮತ್ತೆ ಹೇಳುತ್ತಾಳೆ ಬಿಡು ಎಂದು ಮಲಗಿದೆ.

ಅವಳು ಮತ್ತೆ ಹೇಳಲಿಲ್ಲ. ಒಂದು ವರ್ಷ ಕಳೆಯಿತು. ಗಡಹಿಂಗ್ಲಜದಲ್ಲಿರುವ ಮಗಳು ಕೂಸನ್ನೆತ್ತಿಕೊಂಡು ನಮ್ಮ ಮನೆಗೆ ಬಂದಿದ್ದಾಗ ತನ್ನ ಅವ್ವನ ತಲೆಗೆ ನೀರು ಹಾಕಲು ಹೋದವಳು ಎದೆಯಲ್ಲೊಂದು ಗಡ್ಡೆ ನೋಡಿದಳು. ಮರುದಿನವೇ ಕೊಲ್ಹಾಪುರದ ದವಾಖಾನೆಗೆ ಕರೆದುಕೊಂಡು ಹೋದೆವು.

ಅಲ್ಲಿ ನಮ್ಮನ್ನು ನೋಡಿದ ಡಾಕ್ಟರು ಬೆಳಗಾವಿ ಕಡೆಯ ಹೆಣ್ಣುಮಗಳು, ಕನ್ನಡ ಬರುತ್ತಿತ್ತು ಎಂದು ಮಗಳು ಆಮೇಲೆ ಹೇಳಿದಳು. ನನಗೆ ಅದು ತಿಳಿಯುವ ದಾರಿ ಇರಲಿಲ್ಲ, ಡಾಕ್ಟರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದರು. ಅವರು ಏನು ಕೇಳಿದರೋ ನನಗೆ ಕಾಣಲಿಲ್ಲ. ನನಗೆ ಕಂಡದ್ದು ನನ್ನ ಹೆಂಡತಿ ಕೊಟ್ಟ ಉತ್ತರ ಮಾತ್ರ. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಚೆನ್ನಾಗಿ ಬಿದ್ದಿತ್ತು.

"ವರ್ಷದ ಮ್ಯಾಲ ಆತ್ರಿ," ಅಂದಳು. "ಕಡ್ಲಿಕಾಳಿನಷ್ಟ ಇದ್ದಾಗ ಇವರಿಗೆ ಹೇಳಾಕ ಕಾರಖಾನಿಗೆ ಹೋಗಿದ್ನಿರಿ. ಕೆಲಸದಾಗ ಇದ್ರು."

ಡಾಕ್ಟರು ತಿರುಗಿ ನನ್ನನ್ನು ನೋಡಿದರು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. ಅವರು ಏನಾದರೂ ಅಂದಿರಬಹುದು. ಆ ಹೊತ್ತಿಗೆ ನಾನು ಕಿವುಡನಾಗಿದ್ದದ್ದು ನನಗೆ ಒಳ್ಳೆಯದೇ ಆಯಿತು.

ಮುಂದಿನ ಏಳು ತಿಂಗಳಲ್ಲಿ ನಾವು ಕೊಲ್ಹಾಪುರಕ್ಕೂ ಇಚಲಕರಂಜಿಗೂ ಎಷ್ಟು ಸಲ ಬಸ್ಸಿನಲ್ಲಿ ಹೋಗಿ ಬಂದೆವೋ. ನಾನು ಕೆಲಸ ಬಿಟ್ಟೆ. ದವಾಖಾನೆಯ ಕೋಣೆಯಲ್ಲಿ ಹತ್ತು ಹಾಸಿಗೆ, ಎಲ್ಲರೂ ಮರಾಠಿಯವರು, ನಮ್ಮನ್ನು ನೋಡಿ ಬೇಸರ ಮಾಡಿಕೊಳ್ಳುವವರು ಯಾರೂ ಇರಲಿಲ್ಲ. ಅವಳು ದಿಂಬಿಗೆ ಒರಗಿ ಬೆಳಗಿನಿಂದ ಸಂಜೆಯ ತನಕ ನನ್ನ ಜೊತೆ ತುಟಿಯಲ್ಲಿ ಮಾತಾಡಿದಳು. ಮತ್ತೆ ನನ್ನನ್ನು 'ನೀ' ಅಂದಳು. ಎದುರಿನ ಹಾಸಿಗೆಯವಳ ಗಂಡ ಕದ್ದು ಬೀಡಿ ಸೇದುವುದನ್ನು ಹೇಳಿ ನಗಿಸಿದಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಕೆಲವು ದಿನ ನಾನು ಸುಖವಾಗಿದ್ದೆ. ಒಂದು ದಿನ ಧೈರ್ಯ ಮಾಡಿ, ಅವತ್ತು ಹೇಳದೆ ಯಾಕೆ ಹೊರಟುಹೋದೆ ಎಂದು ಕೇಳಿದೆ. ಸಿಟ್ಟು ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಕೆಂಪ ದೀಪ ಹತ್ತಿತ್ತಲ್ಲ," ಅಂದಳು. "ಮಗ್ಗ ನಿಂತರ ನಿನಗ ಬೈತಾರ."

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಹೋದಳು.

ಮಗ ಇರು ಅಂದ, ಸೊಸೆಯೂ ಕಣ್ಣೀರು ಹಾಕಿ ಇರು ಅಂದಳು. ಆ ಮನೆಯಲ್ಲಿ ನನಗೆ ಯಾರ ಮುಖ ನೋಡಿ ಕೂರಬೇಕೋ ತಿಳಿಯಲಿಲ್ಲ. ಗಡಹಿಂಗ್ಲಜಕ್ಕೆ ಮಗಳ ಮನೆಗೆ ಬಂದೆ. ಇಲ್ಲಿ ಒಂದೂ ಮಗ್ಗವಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ, ಸಂತೆಯ ದಿನ ಜನ ಸೇರುತ್ತಾರೆ, ಕನ್ನಡ ಮರಾಠಿ ಎರಡೂ ಬೀದಿಯಲ್ಲಿ ಕೂಡಿಯೇ ಇರುತ್ತವೆ. ಮಗಳು ಬೇಡ ಬೇಡ ಅಂದರೂ ಕೇಳದೆ ನನಗೆ ಕಿವಿಯ ಮಶೀನು ಹಾಕಿಸಿದಳು. ಕುಕ್ಕರಿನ ಸೀಟಿ, ಗೋಡೆಯ ಗಡಿಯಾರ, ಪಕ್ಕದ ಮನೆಯ ಟೀವಿ, ನಾನು ರೊಟ್ಟಿ ಅಗಿಯುವ ಸದ್ದು ಸಹ, ಎಲ್ಲ ಒಮ್ಮೆಲೇ ನುಗ್ಗಿ ಬಂದವು. ಎಲ್ಲರ ಮಾತೂ ಈಗ ಕೇಳಿಸುತ್ತದೆ. ನನಗೆ ಹೇಳಬೇಕಾದದ್ದು ಅವರಲ್ಲಿ ಯಾರಿಗೂ ಏನೂ ಇಲ್ಲ. ಇಂಥ ಒಂಟಿತನ ನಾನು ಕಿವುಡನಾಗಿದ್ದಾಗಲೂ ಕಂಡಿರಲಿಲ್ಲ.

ಮಶೀನು ಬಂದ ವಾರದಲ್ಲಿ ಮಗಳು ಒಂದು ಮಧ್ಯಾಹ್ನ ಮೊಬೈಲು ಹಿಡಿದು ನನ್ನ ಪಕ್ಕದಲ್ಲಿ ಕೂತಳು. ನನ್ನ ಹೆಂಡತಿಗೆ ಬರೆಯಲು ಬರುತ್ತಿರಲಿಲ್ಲ. ಮಗಳಿಗೆ ಏನಾದರೂ ತಿಳಿಸುವುದಿದ್ದರೆ ಮನೆಯ ಹೊರಗಿನ ನಲ್ಲಿಯ ಹತ್ತಿರ ಹೋಗಿ ಮೊಬೈಲಿನಲ್ಲಿ ಮಾತಾಡಿ, ಆ ದನಿಯನ್ನೇ ಕಳಿಸುತ್ತಿದ್ದಳಂತೆ. ಅಂಥವು ಹನ್ನೊಂದು ಉಳಿದಿವೆಯಂತೆ. ನನಗೆ ಕಿವಿ ಬರಲಿ ಎಂದೇ ಅವನ್ನು ಅಳಿಸದೆ ಇಟ್ಟಿದ್ದಾಳೆ ಮಗಳು. ಅವಳ ಕಣ್ಣು ಆಗಲೇ ತುಂಬಿತ್ತು. ಒಂದನ್ನು ಹಚ್ಚಿ ನನ್ನ ಕಿವಿಯ ಹತ್ತಿರ ಹಿಡಿದಳು.

"ಆಜರಾದ ಘನಸಾಳ ಅಕ್ಕಿ ಸಿಕ್ಕರ ಎರಡ ಕಿಲೋ ತಗೊಂಡ ಇಡ. ನಿಮ್ಮಪ್ಪಗ ಭಾಳ ಸೇರತೈತಿ. ಕೇಳಿದ್ರ ಬ್ಯಾಡ ಅಂತಾರ, ಕೇಳಬ್ಯಾಡ."

ವಯಸ್ಸಾದ ಹೆಣ್ಣುಮಗಳೊಬ್ಬಳ ದನಿ. ಸ್ವಲ್ಪ ಒಡೆದ ದನಿ, ಮಾತಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಸಾಲದೆ ಇಳಿದುಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದ ದನಿ ಬೇರೆ. ಅದು ಯಾವಾಗ ಒಡೆಯಿತು, ಯಾವ ವರ್ಷ ಉಸಿರು ಕಡಿಮೆಯಾಯಿತು, ನಾನು ಅರಿಯೆ. ಇನ್ನೊಮ್ಮೆ ಹಚ್ಚು ಅಂದೆ. ಮೂರನೆಯ ಸಲ ನಾನೇ ಮೊಬೈಲು ಕೈಗೆ ತೆಗೆದುಕೊಂಡು ಅದರ ಮುಖ ನೋಡಿದೆ. ಒಂದು ಗೆರೆ ಎಡದಿಂದ ಬಲಕ್ಕೆ ಹರಿದು ನಿಂತಿತು, ಅಷ್ಟೆ. ನೋಡಿ ತಿಳಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಅವ್ವನ ದನಿ ಕೇಳಿ ಜೀವಕ್ಕ ಸಮಾಧಾನ ಆತೇನ ಅಪ್ಪಾ?" ಅಂದಳು ಮಗಳು.

ಹೌದು ಎಂದು ತಲೆಯಾಡಿಸಿ ಮೊಬೈಲು ತಿರುಗಿ ಕೊಟ್ಟೆ. ಮಾತಾಡಿದವಳು ಯಾರೆಂದು ನನಗೆ ಗುರುತು ಹತ್ತಲಿಲ್ಲ.